ಬೊಟ್ಟು ತಡಕೊಳ್ಳುವ ಇಂಜಿನ್ನು

ಮೂರು ಇಂಜಿನ್ನುಗಳಲ್ಲಿ ಒಂದನ್ನು ಆರಿಸಬೇಕಾಗಿತ್ತು. ಮೂರೂ ಆಟದ ಸಾಮಾನಿನಷ್ಟೇ ಗಾತ್ರದವು. ಎಲ್ಲಕ್ಕಿಂತ ದೊಡ್ಡದನ್ನೂ ಎರಡು ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಆದರೂ ಆರಿಸುವಾಗ ಕೇಳಬೇಕಾದ ಪ್ರಶ್ನೆ ಸಣ್ಣದಾಗಿರಲಿಲ್ಲ. ನಲವತ್ತು ಮಕ್ಕಳ ಮುಖಗಳ ನಡುವೆ ಇಟ್ಟು ಇವುಗಳಲ್ಲಿ ಯಾವುದಕ್ಕೆ ಬೆಂಕಿ ಹಚ್ಚಬಹುದು? ಇದನ್ನು ನಾನೇ ಮೊದಲು ಕೇಳಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಕೇಳಿಕೊಂಡದ್ದು ಒಂದು ದಿನ ತಡವಾಗಿ. ಆ ಒಂದು ದಿನದಲ್ಲಿ ಏನಾಯಿತೋ ಅದನ್ನು ಕಂಡಷ್ಟು ಮಾತ್ರ, ಕಂಡ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ.

ಎಂಬತ್ತರ ದಶಕದ ನಡುವೆ ನಾನು ಹನೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಮನೆ ಕೊಳ್ಳೇಗಾಲದಲ್ಲಿ, ಬಾಡಿಗೆಯದು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಹಬೆಯ ಯಂತ್ರದ ಪಾಠವಿತ್ತು. ಚಿತ್ರ ಇದ್ದದ್ದು ಒಂದೇ, ಅದೂ ಅಚ್ಚಿನಲ್ಲಿ ಮಸಿ ಹರಡಿ ಕಪ್ಪು ಎಮ್ಮೆ ಮಲಗಿದ ಹಾಗೆ ಕಾಣುತ್ತಿತ್ತು. ರೈಲು ನೋಡಿದವರು ಕೈ ಎತ್ತಿ ಎಂದೆ. ಮೂರು ಕೈ ಎದ್ದವು. ಸ್ವಲ್ಪ ಹೊತ್ತಿನ ಮೇಲೆ ಅವುಗಳಲ್ಲಿ ಒಂದು ಇಳಿಯಿತು. ಯಾಕೆ ಎಂದು ಕೇಳಿದೆ. ಆ ಹುಡುಗಿ ಚಾಮರಾಜನಗರದಲ್ಲಿ ಹಳಿಯನ್ನು ಮಾತ್ರ ನೋಡಿದ್ದಳಂತೆ, ರೈಲು ಹೋಗಿಬಿಟ್ಟಿತ್ತಂತೆ.

ನಮ್ಮ ಕಡೆಗೆ ರೈಲು ಬರುತ್ತದೆ ಎಂಬ ಮಾತನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೆ. ಕೊಳ್ಳೇಗಾಲಕ್ಕೂ ಇಲ್ಲ, ಯಳಂದೂರಿಗೂ ಇಲ್ಲ, ಹನೂರಿಗಂತೂ ಕೇಳುವುದೇ ಬೇಡ. ಆದ್ದರಿಂದ ಹಬೆ ಒಂದು ಗಾಲಿಯನ್ನು ತಿರುಗಿಸುತ್ತದೆ ಎಂಬುದನ್ನು ಆ ಮಕ್ಕಳು ನಾನು ಹೇಳಿದೆ ಎಂಬ ಕಾರಣಕ್ಕೆ ಒಪ್ಪಿಕೊಳ್ಳಬೇಕಾಗಿತ್ತು. ಅದು ನನಗೆ ಸರಿ ಕಾಣಲಿಲ್ಲ. ಒಂದು ಪುಟ್ಟ ಇಂಜಿನ್ನನ್ನು ಅವರ ಕಣ್ಣೆದುರು ಓಡಿಸಬೇಕು ಎಂದುಕೊಂಡೆ.

ಕೊಳ್ಳೇಗಾಲದಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಗಳನ್ನು ಬೆಸೆದು ಕೊಡುವ ಒಬ್ಬರಿದ್ದರು. ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ಅವರಿಗೆ ಪುಸ್ತಕದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, ಪುಸ್ತಕವನ್ನು ತಲೆಕೆಳಗು ಮಾಡಿಯೂ ನೋಡಿ, ತಾವು ಮೈಸೂರಿನಲ್ಲಿ ಒಮ್ಮೆ ನಿಜವಾದದ್ದನ್ನು ಕಂಡಿರುವುದಾಗಿಯೂ, ಆದರೆ ಆಗ ಮುಂದೆ ನಿಂತಿದ್ದ ಜನರ ತಲೆಗಳೇ ಜಾಸ್ತಿ ಕಂಡವೆಂದೂ ಹೇಳಿದರು. ಮಾಡಿಕೊಡುತ್ತೇನೆ, ಆದರೆ ಯಾವ ಥರ ಎಂದು ನನಗೇ ಗೊತ್ತಿಲ್ಲ, ಮೂರು ಥರ ಮಾಡುತ್ತೇನೆ, ದಸರೆ ರಜೆಯಲ್ಲಿ ಮನೆಗೆ ಒಯ್ದು ಓಡಿಸಿ ನೋಡಿ ಒಂದನ್ನು ಇಟ್ಟುಕೊಳ್ಳಿ, ಉಳಿದೆರಡನ್ನು ವಾಪಸು ಕೊಡಿ ಎಂದರು.

ಮೊದಲನೆಯದು ತಗಡಿನದು. ನೋಡಲು ಅದೇ ರೈಲು. ಕಪ್ಪು ಬಣ್ಣ, ಕೆಂಪು ಗಾಲಿ, ಹೊಗೆಗೂಡು, ಚಾಲಕ ನಿಲ್ಲುವ ಗೂಡು, ಮುಂದೆ ದೀಪ. ಆದರೆ ಒಳಗೆ ಏನೂ ಇಲ್ಲ. ದಾರ ಕಟ್ಟಿ ಎಳೆಯಬೇಕು.

ಎರಡನೆಯದು ಹಿತ್ತಾಳೆಯದು. ಒಂದು ಗೇಣು ಉದ್ದದ ಬಾಯ್ಲರು, ಎರಡು ಕಡೆ ಎರಡು ಸಿಲಿಂಡರು, ಸಣ್ಣ ಹೊಗೆಗೂಡು. ಬಾಯ್ಲರಿನ ನೆತ್ತಿಯ ಮೇಲೆ ಕಡಲೆ ಗಾತ್ರದ ಒಂದು ಟೊಪ್ಪಿ. ಅದರೊಳಗೆ ಸ್ಪ್ರಿಂಗು ಒತ್ತಿ ಹಿಡಿದ ಒಂದು ಮೊಳೆ. ಹಬೆ ಹೆಚ್ಚಾದರೆ ಮೊಳೆ ಮೇಲೆದ್ದು, ಟೊಪ್ಪಿಯ ಸಣ್ಣ ತೂತಿನಿಂದ ಹಬೆ ಹೊರಗೆ ಹೋಗುತ್ತದೆ. ಅಡಿಯಲ್ಲಿ ಸ್ಪಿರಿಟ್ ದೀಪ ಇಟ್ಟರೆ ಓಡುತ್ತದೆ. ಆಚಾರ್ರಿಗೆ ಇದರ ಮೇಲೆ ಪ್ರೀತಿ. ನನಗೂ ಕಂಡ ಕೂಡಲೇ ಮನಸ್ಸು ಹೋಯಿತು.

ಮೂರನೆಯದನ್ನು ಅವರು ತೋರಿಸಿದ್ದೇ ಸಂಕೋಚದಿಂದ. ಹಂಡೆ ಮಾಡಿ ಉಳಿದ ತಾಮ್ರದ ಕೊಳವೆ, ಅದರ ಬಾಯಿಗೆ ಒಂದು ಬಿರಡೆ, ಪಕ್ಕದಲ್ಲಿ ತೊಟ್ಟಿಲಿನಂತೆ ತೂಗಾಡುವ ಒಂದೇ ಒಂದು ಸಿಲಿಂಡರು, ನಾಲ್ಕು ಗಾಲಿ. ಹೊಗೆಗೂಡಿಲ್ಲ, ಗೂಡಿಲ್ಲ. ರೈಲೆಂದು ಹೇಳಿದರೆ ಮಾತ್ರ ರೈಲು.

“ಇದು ಬೋಳು ಕಣಮ್ಮ,” ಎಂದರು ಆಚಾರ್ರು. “ಓಡ್ತದ, ಅಷ್ಟೇಯ. ನೀವು ಹಿತ್ತಾಳೇದ್ನೇ ಇಟ್ಕತೀರಿ, ನಂಗೆ ಗೊತ್ತು.”

ಹಿತ್ತಾಳೆಯದನ್ನು ಹಚ್ಚುವ ಕ್ರಮವನ್ನೂ ಅವರು ಹೇಳಿಕೊಟ್ಟರು. ಮುಕ್ಕಾಲು ನೀರು ತುಂಬು. ಸಿಲಿಂಡರಿಗೆ ಹೋಗುವ ನಲ್ಲಿ ಮುಚ್ಚಿರಲಿ. ದೀಪ ಹಚ್ಚು. ಟೊಪ್ಪಿಯಿಂದ ಸುಯ್ ಎಂದು ಸದ್ದು ಬರುವ ತನಕ ಏನನ್ನೂ ಮುಟ್ಟಬೇಡ. ಸದ್ದು ಬಂದ ಮೇಲೆ ನಲ್ಲಿ ತಿರುಗಿಸು. ನಾನು ಇದನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ಹೇಳಿದ್ದನ್ನು ಹೇಳಿದಂತೆ ಮಾಡುವುದು ನನ್ನ ಸ್ವಭಾವ. ಅದನ್ನು ಒಳ್ಳೆಯ ಗುಣವೆಂದೇ ನಾನು ಅಲ್ಲಿಯವರೆಗೆ ನಂಬಿದ್ದೆ.

ಅವ್ವನ ಬಗ್ಗೆ ಇಲ್ಲಿ ಹೇಳಬೇಕು. ಅವಳು ಯಳಂದೂರು ತಾಲ್ಲೂಕಿನವಳು. ಮಾಂಬಳ್ಳಿಯ ಕಡೆ ಒಂದು ರೇಷ್ಮೆ ನೂಲಿನ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವಳು. ಅಲ್ಲಿ ಪ್ರತಿ ಹೆಂಗಸಿನ ಮುಂದೆ ಒಂದು ಬೋಗುಣಿ. ಅದಕ್ಕೆ ಕೊಳವೆಯಲ್ಲಿ ಹಬೆ ಬಂದು ನೀರನ್ನು ಕಾಯಿಸುತ್ತದೆ. ಬೆಂದ ರೇಷ್ಮೆಗೂಡುಗಳು ಆ ನೀರಿನಲ್ಲಿ ತೇಲುತ್ತವೆ. ಕೈಬೆರಳಿನಿಂದ ಒಂದೊಂದು ಗೂಡಿನ ಎಳೆಯ ತುದಿಯನ್ನು ಹುಡುಕಿ, ನಾಲ್ಕಾರು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಅವ್ವನ ಬೆರಳ ತುದಿಗಳು ಅಷ್ಟು ವರ್ಷ ಆ ನೀರಿನಲ್ಲಿದ್ದು ಬೆಳ್ಳಗೆ, ನುಣ್ಣಗೆ ಆಗಿಬಿಟ್ಟಿದ್ದವು. ಹಬೆ ಎಂಬ ಪದವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅವಳಿಗೆ ಅದು ದಿನವೂ ಎದುರು ಕೂರುವ ಪ್ರಾಣಿಯಾಗಿತ್ತು. ಇಷ್ಟಾಗಿಯೂ ನಾನು ಇಂಜಿನ್ನುಗಳನ್ನು ಮನೆಗೆ ತಂದಾಗ ಅವಳನ್ನು ಒಂದು ಮಾತು ಕೇಳಲಿಲ್ಲ. ನಾನು ಬಿ.ಎಸ್ಸಿ. ಓದಿದವಳು, ಅವಳು ಹೆಬ್ಬೆಟ್ಟು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ಮಾರನೆಯ ದಿನ ಆಯುಧಪೂಜೆ. ನಡುಮನೆಯಲ್ಲಿ ಗೋಡೆಯ ಬದಿಗೆ ಹೊಲಿಗೆ ಮಿಷನ್ನು, ನನ್ನ ಸೈಕಲ್ಲು, ಈಳಿಗೆಮಣೆ, ಮಚ್ಚು, ಕತ್ತರಿ, ಸೀಮೆಎಣ್ಣೆ ಸ್ಟವ್ವು, ನನ್ನ ಪೆನ್ನು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟೆವು. ಸಾಲಿನ ಕೊನೆಗೆ ಮೂರು ಇಂಜಿನ್ನುಗಳು. ಅವ್ವ ಗಂಧ ತೇಯ್ದು ಕೊಟ್ಟಳು. ಗಟ್ಟಿಯಾಗಿಯೇ ತೇಯ್ದಿದ್ದಳು, ಹಬ್ಬವಲ್ಲವೇ. ನಾನು ಒಂದೊಂದಕ್ಕೂ ಗಂಧ, ಅದರ ಮೇಲೆ ಕುಂಕುಮ ಇಡುತ್ತ ಹೋದೆ. ತಗಡಿನ ಇಂಜಿನ್ನಿಗೆ ದೀಪದ ಹತ್ತಿರ ಇಟ್ಟೆ. ಬೋಳು ಇಂಜಿನ್ನಿಗೆ ಎಲ್ಲಿ ಇಡಬೇಕೆಂದು ತಿಳಿಯದೆ ಬಿರಡೆಯ ಮೇಲೆ ಇಟ್ಟೆ. ಹಿತ್ತಾಳೆಯದಕ್ಕೆ ಯೋಚಿಸಬೇಕಾಗಲೇ ಇಲ್ಲ. ನೆತ್ತಿಯ ಮೇಲಿನ ಆ ಪುಟ್ಟ ಟೊಪ್ಪಿ ತಲೆಯ ಹಾಗೇ ಇತ್ತು. ಬಲಗೈಯ ಉಂಗುರ ಬೆರಳಿನಿಂದ ಗಂಧ ತೆಗೆದು ಅದರ ಮೇಲೆ ಒತ್ತಿದೆ, ಮೇಲೆ ಕುಂಕುಮ ಒತ್ತಿದೆ, ಒಂದು ಸೇವಂತಿಗೆ ಎಸಳು ಅಂಟಿಸಿದೆ. ಬೂದುಗುಂಬಳ ಒಡೆದದ್ದು ಬಾಗಿಲ ಹೊರಗೆ.

ಆ ದಿನ ಯಾವುದನ್ನೂ ಬಳಸುವುದಿಲ್ಲ. ಮಿಷನ್ನು ತುಳಿಯುವುದಿಲ್ಲ, ಮಚ್ಚು ಮುಟ್ಟುವುದಿಲ್ಲ, ಸೈಕಲ್ಲು ಹತ್ತುವುದಿಲ್ಲ. ಎಲ್ಲಕ್ಕೂ ಒಂದು ದಿನ ವಿಶ್ರಾಂತಿ. ಆ ವಿಶ್ರಾಂತಿಯ ಹೊತ್ತಿನಲ್ಲೇ ಗಂಧ ಒಣಗಿ ಗಟ್ಟಿಯಾಗುತ್ತದೆ. ಇದು ಈಗ ಗೊತ್ತು.

ವಿಜಯದಶಮಿಯ ದಿನ ಮಧ್ಯಾಹ್ನ ಹಿತ್ತಾಳೆ ಇಂಜಿನ್ನನ್ನು ಓಡಿಸಿ ನೋಡೋಣ ಎಂದು ನಡುಮನೆಯ ನೆಲದ ಮೇಲೆ ಇಟ್ಟೆ. ಸುದ್ದಿ ಹೇಗೋ ಹೋಗಿ ಅಕ್ಕಪಕ್ಕದ ಮನೆಗಳ ಆರು ಮಕ್ಕಳು ಬಂದು ಕೂತಿದ್ದವು. ನಾನು ಅವುಗಳನ್ನು ಇಂಜಿನ್ನಿಗೆ ಹತ್ತಿರವೇ ಕೂರಿಸಿದೆ, ಚೆನ್ನಾಗಿ ಕಾಣಲಿ ಎಂದು. ನಾನು ಗೋಡೆಯ ಕಡೆಗೆ ಬೆನ್ನು ಹಾಕಿ ಚಕ್ಕಳಮಕ್ಕಳ ಹಾಕಿಕೊಂಡು, ಬಾಯ್ಲರಿನ ಹಿಂದಿನ ತುದಿಯ ನೇರಕ್ಕೆ ಕೂತಿದ್ದೆ. ಸೇವಂತಿಗೆ ಎಸಳನ್ನು ತೆಗೆದು ಪಕ್ಕಕ್ಕಿಟ್ಟೆ. ಗಂಧ ಕುಂಕುಮ ಒರೆಸಲಿಲ್ಲ. ಇಟ್ಟ ಬೊಟ್ಟನ್ನು ಯಾರಾದರೂ ಒರೆಸುತ್ತಾರೆಯೇ. ಮುಕ್ಕಾಲು ನೀರು ತುಂಬಿದೆ. ನಲ್ಲಿ ಮುಚ್ಚಿದೆ. ದೀಪ ಹಚ್ಚಿದೆ. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದೆ.

ನೀರು ಸಣ್ಣಗೆ ಗುಂಯ್ ಎನ್ನಲು ತೊಡಗಿತು. ಮಕ್ಕಳು ಸುಮ್ಮನಾದವು. ಗುಂಯ್ ಎನ್ನುವುದು ಜೋರಾಯಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಗ್ಗಿ ಸುಮ್ಮನಾಯಿತು. ಟೊಪ್ಪಿಯಿಂದ ಸುಯ್ ಎನ್ನಲಿಲ್ಲ. ಸದ್ದು ಬರುವ ತನಕ ಏನನ್ನೂ ಮುಟ್ಟಬೇಡ ಎಂದು ಕಾಗದದಲ್ಲಿತ್ತು. ನಾನು ಮುಟ್ಟಲಿಲ್ಲ. ಬದಲಿಗೆ, ಸದ್ದು ಬಹಳ ಸಣ್ಣದಿರಬಹುದು ಎಂದು ಕಿವಿಯನ್ನು ಹತ್ತಿರ ಒಯ್ದೆ.

ಅವ್ವ ಅಡುಗೆಮನೆಯಲ್ಲಿದ್ದಳು. ಅವಳಿಗೆ ಇಂಜಿನ್ನು ಕಾಣುತ್ತಿರಲಿಲ್ಲ, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ನಿಂತದ್ದೂ, ಅದರ ಬದಲು ಬೇರೆ ಸದ್ದು ಹುಟ್ಟದೇ ಇದ್ದದ್ದೂ ಕೇಳಿಸಿತು ಎಂದು ಆಮೇಲೆ ಹೇಳಿದಳು. ಅವಳು ಬಾಗಿಲಿಗೆ ಬಂದು ನಿಂತಳು. ಓಡಿ ಬರಲಿಲ್ಲ. ಕೂಗಲಿಲ್ಲ.

“ಬನ್ರಪ್ಪಾ, ಎದ್ದು ಇತ್ತಿಲಿಗೆ ಬನ್ನಿ. ಒಬ್ಬಟ್ಟು ಕೊಡ್ತೀನಿ. ಒಬ್ಬೊಬ್ರಾಗಿ.”

ಮಕ್ಕಳಿಗೆ ಇಂಜಿನ್ನನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ, ಆದರೆ ಒಬ್ಬಟ್ಟಿನ ಮಾತು. ಎದ್ದವು. ಅವ್ವ ಅವುಗಳ ಹಿಂದೆ, ಇಂಜಿನ್ನಿಗೂ ಅವುಗಳಿಗೂ ನಡುವೆ ಸೀರೆ ಹರಡಿ ನಿಂತು ಒಂದೊಂದನ್ನೇ ದಾಟಿಸಿದಳು. ಆರನೆಯದು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ನೀನೂ ಏಳು ಕೂಸೇ.”

ಇನ್ನೇನು ಸದ್ದು ಬರುತ್ತದೆ, ಒಂದು ನಿಮಿಷ ಎಂದೆ.

“ಮಕ ಇತ್ತಗೆ ತಕ್ಕೊಂಡು ಏಳು. ಅದು ಉಸುರಾಡ್ತಾ ಇಲ್ಲ.”

ಅವಳ ದನಿಯಲ್ಲಿ ಏನೂ ಏರುಪೇರು ಇರಲಿಲ್ಲ. ಅದೇ ನನ್ನನ್ನು ಎಬ್ಬಿಸಿತು. ಹಿತ್ತಿಲ ಬಾಗಿಲನ್ನು ದಾಟಿದೆವು. ಅವ್ವ ಹಿಂದಿನಿಂದ ಬಾಗಿಲೆಳೆದು ಚಿಲಕ ಹಾಕಿದಳು. ನಾನು ಒಗೆಯುವ ಕಲ್ಲಿನ ತನಕ ನಡೆದಿದ್ದೆ. ಎಣಿಸಿ ನೋಡಿದ್ದೇನೆ, ಅದು ಹದಿನಾಲ್ಕು ಹೆಜ್ಜೆ. ಆಗ ಒಳಗಿನಿಂದ ತೆಂಗಿನಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದಂಥ ಒಂದು ಸದ್ದು ಬಂತು. ಹಿಂದೆಯೇ ಹಂಚು ಒಡೆದು ಬಿದ್ದ ಸದ್ದು.

ಬಹಳ ಹೊತ್ತಿನ ಮೇಲೆ ಬಾಗಿಲು ತೆಗೆದೆವು. ಕಂಡದ್ದು ಇಷ್ಟು. ದೀಪ ಮಗುಚಿ ಆರಿತ್ತು. ಬಾಯ್ಲರಿನ ಹಿಂಬದಿ ಮುಚ್ಚಿದ್ದ ಬಿಲ್ಲೆ ಬೆಸುಗೆ ಬಿಟ್ಟು ಹಾರಿ, ಗೋಡೆಯ ಗಾರೆಯಲ್ಲಿ ಬೆರಳಿನ ಒಂದು ಗೆಣ್ಣು ಆಳದ ಗುಳಿ ಮಾಡಿ ಕೆಳಗೆ ಬಿದ್ದಿತ್ತು. ಇಂಜಿನ್ನು ಮುಂದಕ್ಕೆ ನೆಗೆದು ಹೊಲಿಗೆ ಮಿಷನ್ನಿನ ಕಾಲಿಗೆ ಬಡಿದಿತ್ತು. ಹೊಗೆಗೂಡು ಒಂದು ಹಂಚನ್ನು ಒಡೆದುಕೊಂಡು ಹೋಗಿತ್ತು. ನಾನು ಬೆನ್ನು ಹಾಕಿ ಕೂತಿದ್ದ ಗೋಡೆ ಅಗಲಕ್ಕೆ ನೆನೆದಿತ್ತು. ಆ ಒದ್ದೆಯ ನಡುವೆ ಆ ಗುಳಿ. ನಾನು ಮತ್ತೆ ಅಲ್ಲಿ ಕೂರಲಿಲ್ಲ, ಆದರೆ ಕೂರದೆಯೂ ಅದರ ಎತ್ತರ ತಿಳಿಯುತ್ತಿತ್ತು. ಅದು ನನ್ನ ಮುಖದ ಎತ್ತರ. ಮಕ್ಕಳು ಕೂತಿದ್ದ ಕಡೆ ನೆಲದ ಮೇಲೂ ಬಿಸಿನೀರು ಚೆಲ್ಲಿತ್ತು.

ಯಾರಿಗೂ ಏನೂ ಆಗಲಿಲ್ಲ. ಈ ವಾಕ್ಯವನ್ನು ನಾನು ಎಷ್ಟೋ ಸಲ ಬರೆದು ನೋಡಿದ್ದೇನೆ. ಬರೆದಾಗಲೆಲ್ಲ ಕೈ ಸ್ವಲ್ಪ ನಿಲ್ಲುತ್ತದೆ.

ಕೂಗಲಿಲ್ಲ ಯಾಕೆ ಎಂದು ಆ ಸಂಜೆ ಅವ್ವನನ್ನು ಕೇಳಿದೆ. ಫ್ಯಾಕ್ಟರಿಯಲ್ಲಿ ಕೊಳವೆ ಕಟ್ಟಿಕೊಂಡಾಗ ಯಾರೂ ಕೂಗುತ್ತಿರಲಿಲ್ಲವಂತೆ. ಸಾಲಿನಲ್ಲಿ ಕೂತ ಎಲ್ಲ ಹೆಂಗಸರ ಕೈಗಳೂ ಬಿಸಿನೀರಿನ ಪಕ್ಕದಲ್ಲಿರುತ್ತವೆ. ಒಬ್ಬಳು ಬೆಚ್ಚಿದರೆ ಪಕ್ಕದವಳ ಮೇಲೆ ನೀರು ಎರಚುತ್ತದೆ. ಆದ್ದರಿಂದ ಮೊದಲು ಕಂಡವಳು ಎದ್ದು, ನೀರು ಕುಡಿಯಲು ಹೋಗುವವಳ ಹಾಗೆ ನಡೆಯುತ್ತ, ಪಕ್ಕದವಳ ಭುಜ ಮುಟ್ಟಿ ಏಳು ಎನ್ನುತ್ತಿದ್ದಳಂತೆ. ಅವಳು ಇನ್ನೊಬ್ಬಳ ಭುಜ ಮುಟ್ಟುತ್ತಿದ್ದಳಂತೆ. ಇದನ್ನು ಅವಳಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಹೆಸರು ಗೊತ್ತಿಲ್ಲದ, ನಾನು ಎಂದೂ ಕಾಣದ ಆ ಸಾಲಿನ ಹೆಂಗಸರಿಗೆಲ್ಲ ನಾನು ಋಣಿ.

ಮರುದಿನ ಬೆಳಗ್ಗೆ ಚೂರುಗಳನ್ನೆಲ್ಲ ಹಳೆಯ ಟವಲಿನಲ್ಲಿ ಕಟ್ಟಿಕೊಂಡು ಆಚಾರ್ರ ಅಂಗಡಿಗೆ ಹೋದೆ. ಅವ್ವನೂ ಬಂದಳು. ಆಚಾರ್ರು ಟವಲು ಬಿಚ್ಚಿ ಚೂರುಗಳನ್ನು ಒಂದೊಂದಾಗಿ ನೋಡಿದರು. ಮಕ್ಕಳಿದ್ದವೇ ಎಂದು ಕೇಳಿದರು. ಆರು ಇದ್ದವು, ಅವ್ವ ಎಬ್ಬಿಸಿದಳು ಎಂದೆ. ಅವರು ಅವ್ವನ ಕಡೆ ನೋಡಿ ಕೈ ಮುಗಿದರು.

“ಬೆಸುಗೆ ನಂದು. ತಪ್ಪು ನಂದೇ,” ಎಂದರು.

ನಾನು ಅಲ್ಲಿಯ ತನಕ ಹಾಗೆಯೇ ತಿಳಿದಿದ್ದೆ. ಬೀದಿಯವರು ಕೂಡ ಹಾಗೆಯೇ ಆಡಿಕೊಳ್ಳುತ್ತಿದ್ದರು. ಆದರೆ ಆಚಾರ್ರು ಸುಮ್ಮನೆ ಒಪ್ಪಿಕೊಂಡು ಕೂರುವವರಲ್ಲ. ಟೊಪ್ಪಿಯನ್ನು ಇಕ್ಕಳದಲ್ಲಿ ತಿರುಗಿಸಿ ಬಿಚ್ಚಿದರು. ಮೊಳೆ ಅಲ್ಲಾಡಲಿಲ್ಲ. ಒಂದು ಸೂಜಿಯಿಂದ ಕೆರೆದು, ಉದುರಿದ್ದನ್ನು ಬಿಳಿ ಕಾಗದದ ಮೇಲೆ ಹಿಡಿದರು. ಹಳದಿಯ ಮೇಲೆ ಕೆಂಪು. ಮೂಸಿ ನೋಡಿದರು. ಬಾಯ್ಲರಿನಲ್ಲಿ ಕುದಿದ ಮೇಲೂ ಅದಕ್ಕೆ ಗಂಧದ ವಾಸನೆ ಇತ್ತು.

ಬೊಟ್ಟು ಇಟ್ಟವರು ಯಾರು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಎಲ್ಲಿ ಇಟ್ಟೆ, ಯಾವ ಬೆರಳಿನಿಂದ, ಎಷ್ಟು ಒತ್ತಿದೆ ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಅವರಿಗೆ ಏನೋ ಹೊಳೆದು, ಎದ್ದು ಹೋಗಿ ಮೂಲೆಯಲ್ಲಿ ಹೂ ಮುಡಿದು ಕೂತಿದ್ದ ತಮ್ಮ ಬೆಸುಗೆ ದೀಪವನ್ನು ತಂದು ಅದರ ಮೂತಿಯನ್ನು ಬೆಳಕಿಗೆ ಹಿಡಿದರು. ಅದರ ತೂತಿನಲ್ಲೂ ಗಂಧ ಕುಂಕುಮ.

“ನಾನೂ ಅದನ್ನೇ ಮಾಡೀನಿ ನೋಡಿ,” ಎಂದರು. “ವರ್ಸಾ ವರ್ಸಾ ಪಿನ್ನಲ್ಲಿ ಚುಚ್ಚಿ ತಗೀತೀನಿ. ನಿಮಗೆ ಏಳೋದ ಮರ್ತೆ.”

ಅವ್ವ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ.

ನನಗೆ ಸಮಾಧಾನವಾಯಿತು. ಕಾರಣ ಸಿಕ್ಕಿತಲ್ಲ. ಹಾಗಾದರೆ ಇಂಜಿನ್ನಿನ ದೋಷ ಇಲ್ಲ, ಬಾಯ್ಲರನ್ನು ಗಟ್ಟಿಯಾಗಿ ಬೆಸೆದು ಕೊಡಿ, ಬೊಟ್ಟು ಇಡಬಾರದು ಎಂದು ಒಂದು ಚೀಟಿ ಬರೆದು ಅಂಟಿಸುತ್ತೇನೆ ಎಂದೆ.

“ಆ ಚೀಟಿಗೂ ಬೊಟ್ಟಿಕ್ತಾರೆ,” ಎಂದಳು ಅವ್ವ.

ಆಚಾರ್ರು ನಗಲಿಲ್ಲ. ಅವ್ವನೂ ತಮಾಷೆಗೆ ಹೇಳಿರಲಿಲ್ಲ. ಅವಳು ಹೇಳಿದ್ದರ ಸಾರಾಂಶ ಇದು. ಇಂಜಿನ್ನು ಇರುವುದು ಸ್ಕೂಲಿನಲ್ಲಿ. ಪ್ರತಿ ವರ್ಷ ಆಯುಧಪೂಜೆ ಬರುತ್ತದೆ. ಬೀರುವಿನಲ್ಲಿದ್ದದ್ದನ್ನೆಲ್ಲ ತೆಗೆದು ಜವಾನ ಬೊಟ್ಟಿಡುತ್ತಾನೆ, ಹೆಡ್ಮಾಸ್ಟರು ಇಡುತ್ತಾರೆ, ಮಕ್ಕಳು ಇಡುತ್ತವೆ. ಬೇಡ ಎನ್ನಲು ನೀನು ಅಲ್ಲಿ ಇರುತ್ತೀಯೋ ಇಲ್ಲವೋ. ಇದ್ದರೂ, ಕೈ ತುಂಬ ಗಂಧ ಹಿಡಿದು ಬಂದ ಮಗುವಿಗೆ ಬೇಡ ಎಂದು ಹೇಗೆ ಹೇಳುತ್ತೀಯ. ಆದ್ದರಿಂದ ಬೊಟ್ಟು ಇಟ್ಟರೂ ಏನೂ ಆಗದಂಥದ್ದು ಬೇಕು. ಅಂಥದ್ದು ಇಲ್ಲದಿದ್ದರೆ ತಗಡಿನದನ್ನು ದಾರ ಕಟ್ಟಿ ಎಳಿ, ಸಾಕು.

ಅಲ್ಲಿಂದ ಆರಿಸುವ ಕೆಲಸ ಬೇರೆ ಥರ ಆಯಿತು. ಆಚಾರ್ರು ನಾಲ್ಕು ದಿನ ಕೇಳಿದರು. ಹಿತ್ತಾಳೆಯದನ್ನು ಮತ್ತೆ ಕಟ್ಟಿದರು. ಬಿಲ್ಲೆಗಳಿಗೆ ಗಟ್ಟಿ ಬೆಸುಗೆ, ಟೊಪ್ಪಿಗೆ ಒಂದರ ಬದಲು ಮೂರು ತೂತು, ಮೊದಲಿಗಿಂತ ದೊಡ್ಡವು. ರಜೆ ಇನ್ನೂ ಉಳಿದಿತ್ತು. ಅವ್ವ ಗಂಧ ತೇಯ್ದಳು. ಮಕ್ಕಳು ಇಡುವ ಹಾಗೆ ಇಡು ಎಂದು ನನಗೆ ಹೇಳಿದಳು. ನಾನು ಹಿತ್ತಾಳೆಯದಕ್ಕೂ ಬೋಳು ಇಂಜಿನ್ನಿಗೂ ತಲೆಯಿಂದ ಗಾಲಿಯ ತನಕ ಮೆತ್ತಿದೆ. ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟೆವು.

ಹಿತ್ತಿಲಿನಲ್ಲಿ ಒಗೆಯುವ ಕಲ್ಲಿನ ಮೇಲೆ ಹಿತ್ತಾಳೆಯದನ್ನು ಮೊದಲು ಇಟ್ಟೆವು. ದೀಪವನ್ನು ಒಂದು ತಗಡಿನ ಚೂರಿನ ಮೇಲಿಟ್ಟು, ತಗಡಿಗೆ ಉದ್ದನೆಯ ಸೆಣಬಿನ ಹುರಿ ಕಟ್ಟಿ, ಎಳೆದರೆ ದೀಪ ಈಚೆ ಬರುವಂತೆ ಮಾಡಿದ್ದರು ಆಚಾರ್ರು. ಮೂವರೂ ಬಚ್ಚಲಿನ ಗೋಡೆಯ ಮರೆಯಲ್ಲಿ ಕೂತೆವು. ಹುರಿ ಆಚಾರ್ರ ಕೈಯಲ್ಲಿ. ನಾನು ಕಡ್ಡಿ ಗೀರಿ ಬಂದೆನೋ ಇಲ್ಲವೋ ನೆನಪಿಲ್ಲ, ಆಚಾರ್ರೇ ಗೀರಿರಬೇಕು.

ಗುಂಯ್ ಎಂದಿತು. ಜೋರಾಯಿತು. ತಗ್ಗಿತು. ನಿಂತಿತು.

ಆಚಾರ್ರು ತಲೆ ತಗ್ಗಿಸಿ ಕೇಳುತ್ತಿದ್ದರು. ಅವ್ವ ಅವರ ಮುಖ ನೋಡುತ್ತಿದ್ದಳು. ತಾವು ಅಷ್ಟು ಪ್ರೀತಿಯಿಂದ ಎರಡು ಸಲ ಕಟ್ಟಿದ್ದರ ಬಾಯಿಂದ ಒಂದು ಉಸಿರು ಬರಲಿ ಎಂದು ಆ ಮನುಷ್ಯ ಕಾದದ್ದನ್ನು ನಾನು ಕಂಡೆ. ಬರಲಿಲ್ಲ. ಅವರೇ ಹುರಿ ಎಳೆದರು. ದೀಪ ಉರುಳಿ ಮಣ್ಣಿನಲ್ಲಿ ಆರಿತು. ಇಂಜಿನ್ನು ಪೂರ್ತಿ ತಣ್ಣಗಾಗುವ ತನಕ ಅವ್ವ ಯಾರನ್ನೂ ಏಳಲು ಬಿಡಲಿಲ್ಲ. ಕೂತಲ್ಲೇ ಎಲೆ ಅಡಿಕೆ ಹಾಕಿಕೊಂಡರು ಇಬ್ಬರೂ.

ಆಮೇಲೆ ಬೋಳು ಇಂಜಿನ್ನು. ಅದೂ ಗುಂಯ್ ಎಂದು, ತಗ್ಗಿ, ಸುಮ್ಮನಾಯಿತು. ಗಂಧ ಕಟ್ಟಿಕೊಂಡು ಅದರ ಸಿಲಿಂಡರು ತೂಗಲಿಲ್ಲ. ಅವ್ವ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಳೆಯಿರಿ ಎಂದು ನಾನು ಆಚಾರ್ರಿಗೆ ಹೇಳಬೇಕು ಎನ್ನುವಷ್ಟರಲ್ಲಿ ಟಪ್ ಎಂದಿತು. ಬಿರಡೆ, ತನಗೆ ಮೆತ್ತಿದ್ದ ಗಂಧ ಕುಂಕುಮವನ್ನೆಲ್ಲ ಹೊತ್ತುಕೊಂಡು, ನುಗ್ಗೆಮರದ ಕಡೆ ಹೋಯಿತು. ಕೊಳವೆಯ ಬಾಯಿಂದ ಬೆಳ್ಳನೆಯ ಹಬೆ ಮೇಲಕ್ಕೆ, ಯಾರಿಗೂ ತಾಗದೆ, ಸುಮ್ಮನೆ ಏರಿತು.

“ಉಸುರು ಬಿಡ್ತು,” ಎಂದಳು ಅವ್ವ.

ಆಚಾರ್ರು ಎದ್ದು ಹೋಗಿ ಬಿರಡೆ ಹುಡುಕಿ ತಂದರು. ಅದನ್ನು ಕೈಯಲ್ಲಿ ತಿರುಗಿಸುತ್ತ, ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು:

“ಆದ್ರೂ ನೋಡಾಕೆ ಚೆಂದಾಗಿಲ್ಲ ಕಣಕ್ಕ.”

“ನೋಡಾಕೆ ಮಕ್ಕಳಿಗೆ ಕಣ್ಣಿರಬೇಕಲ್ಲ ಆಚಾರ್ರೇ.”

ಅಲ್ಲಿಗೆ ಆರಿಸಿಯಾಯಿತು. ಆಚಾರ್ರಿಗೆ ಆ ಮಾತಿನಿಂದ ನೋವಾಗಲಿಲ್ಲ ಎಂದು ಹೇಳಲಾರೆ. ಆದರೆ ಅವರು ಬೋಳು ಇಂಜಿನ್ನನ್ನು ಅಂಗಡಿಗೆ ಒಯ್ದು, ಎರಡು ದಿನ ಬಿಟ್ಟು ತಂದರು. ಗಾಲಿಗೆ ಕೆಂಪು ಬಣ್ಣ ಬಂದಿತ್ತು. ಮುಂದುಗಡೆ ಉತ್ತುತ್ತಿಯಷ್ಟು ದೊಡ್ಡ ಒಂದು ಹೊಗೆಗೂಡು ಬಂದಿತ್ತು. ಬಿರಡೆಯ ಹತ್ತಿರಕ್ಕೆ ಮಾತ್ರ ಏನನ್ನೂ ಸೇರಿಸಿರಲಿಲ್ಲ. ಹಾಗೆ ಬಿಟ್ಟದ್ದಕ್ಕೆ ಅವರಿಗೆ ನಾನು ಕೃತಜ್ಞಳಾಗಿರುವಷ್ಟು, ಅವರು ಬೆಸೆದುಕೊಟ್ಟ ಬೇರೆ ಯಾವುದಕ್ಕೂ ಇಲ್ಲ.

ಎರಡು ಸಾವಿರದ ನಾಲ್ಕರಲ್ಲಿ ನಿವೃತ್ತಳಾಗುವ ತನಕ ಆ ಇಂಜಿನ್ನು ನನ್ನ ಜೊತೆ ಇತ್ತು. ವರ್ಗವಾದಾಗ ಹೆಡ್ಮಾಸ್ಟರ ಅನುಮತಿ ಕೇಳಿ ಜೊತೆಗೆ ಒಯ್ದೆ. ಯಳಂದೂರಿನ ಕಡೆ ಇದ್ದ ವರ್ಷಗಳಲ್ಲೂ ಅದು ಓಡಿತು. ಅವ್ವ ಹೇಳಿದಂತೆಯೇ, ದಸರೆ ರಜೆ ಮುಗಿಸಿ ಬಂದಾಗಲೆಲ್ಲ ಅದು ಯಾರದೋ ಬೆರಳ ಗುರುತಿನ ಗಂಧದಲ್ಲಿ ಮುಳುಗಿರುತ್ತಿತ್ತು. ಒಂದು ವರ್ಷ ಬಿರಡೆಗೆ ಹಳದಿ ದಾರ ಸುತ್ತಿ ಹೂ ಮುಡಿಸಿದ್ದರು. ನಾನು ಬಿಸಿನೀರಿನಲ್ಲಿ ತೊಳೆದು, ದಾರ ಬಿಚ್ಚಿ, ಮಕ್ಕಳನ್ನು ದೂರ ಕೂರಿಸಿ ಹಚ್ಚುತ್ತಿದ್ದೆ. ತೊಳೆಯುವುದರಲ್ಲಿ ಎರಡು ಸಲ ನನ್ನಿಂದ ಕೊರತೆಯಾಗಿದೆ. ಎರಡು ಸಲವೂ ಟಪ್ ಎಂದಿದೆ, ಅಷ್ಟೇ.

ಅದನ್ನು ತರಗತಿಯಲ್ಲಿ ಮೊದಲ ಸಲ ಹಚ್ಚಿದ ದಿನದ್ದು ಒಂದು ಹೇಳುವುದು ಉಳಿದಿದೆ. ರಜೆ ಮುಗಿದ ಮೇಲೆ ನಾನು ಹಚ್ಚಲಾರೆ ಎಂದು ಅವ್ವನಿಗೆ ಹೇಳಿದ್ದೆ. ಕಡ್ಡಿಪೆಟ್ಟಿಗೆ ಹಿಡಿದರೆ ಗೋಡೆಯ ಗುಳಿ ಕಣ್ಣಿಗೆ ಬರುತ್ತಿತ್ತು. ಅವಳು ಬೆಳಗ್ಗೆ ಸೀರೆ ಬದಲಿಸಿ ನನಗಿಂತ ಮೊದಲು ಬಸ್ಸು ನಿಲ್ದಾಣಕ್ಕೆ ಹೊರಟು ನಿಂತಿದ್ದಳು. ಹನೂರಿನ ತನಕ ಇಂಜಿನ್ನನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಇವರು ಯಾರು ಎಂದು ಹೆಡ್ಮಾಸ್ಟರು ಕೇಳಿದರು. ಹಬೆಯ ಕೆಲಸ ಬಲ್ಲವರು ಎಂದೆ. ಅವರು ಕುರ್ಚಿ ತರಿಸಿದರು. ಅವ್ವ ಕೂರಲಿಲ್ಲ. ಸೀಮೆಸುಣ್ಣ ಕೇಳಿ ಪಡೆದು, ಇಂಜಿನ್ನು ಇಟ್ಟ ಜಾಗದಿಂದ ಹೆಜ್ಜೆ ಅಳೆದು, ನೆಲದ ಮೇಲೆ ಒಂದು ಗೆರೆ ಎಳೆದಳು. ಮಕ್ಕಳು ಗೆರೆಯ ಆಚೆ. ಗೆರೆಯ ಈಚೆ ನಾನು, ಪಕ್ಕದಲ್ಲಿ ಅವಳು.

ಮೂರು ಕಡ್ಡಿ ಗೀರಿದೆ. ಮೂರನೆಯದು ಹೊತ್ತಿತು. ನೀರು ಗುಂಯ್ ಎಂದಿತು, ತಗ್ಗಿತು, ಮತ್ತೆ ಆ ಮೌನ. ಅವ್ವನ ಕೈ ನನ್ನ ಭುಜದ ಮೇಲೆ ಬಂತು. ಏಳು ಎಂದು ಒತ್ತುತ್ತದೆಯೋ ಎಂದು ಕಾದೆ. ಒತ್ತಲಿಲ್ಲ. ಸಿಲಿಂಡರು ಒಮ್ಮೆ ತೂಗಿತು, ಇನ್ನೊಮ್ಮೆ ತೂಗಿತು, ಗಾಲಿ ತಿರುಗಿತು. ಇಂಜಿನ್ನು ಚುಕು ಚುಕು ಎಂದು ಒಂದೂವರೆ ಮೊಳ ಹೋಗಿ, ನೆಲದ ಬಿರುಕಿನಲ್ಲಿ ಸಿಕ್ಕಿ, ಅಲ್ಲೇ ಗಾಲಿ ತಿರುಗಿಸುತ್ತ ನಿಂತಿತು.

ನಲವತ್ತು ಮಕ್ಕಳೂ ಗೆರೆಯ ಆಚೆಯಿಂದಲೇ ಮುಂದಕ್ಕೆ ಬಗ್ಗಿ ನೋಡಿದವು. ಯಾರೂ ಗೆರೆ ದಾಟಲಿಲ್ಲ. ಹಿಂದಿನ ಸಾಲಿನ ಒಬ್ಬಳು ನನ್ನನ್ನು ಬಿಟ್ಟು ಅವ್ವನನ್ನು ಕೇಳಿದಳು:

“ಅಜ್ಜೀ, ದೊಡ್ಡ ರೈಲೂ ಇಂಗೇ ಓಯ್ತದಾ?”

“ನಂಗೇನ್ ಗೊತ್ತು ಮಗ, ನಾನೂ ನೋಡಿಲ್ಲ,” ಎಂದಳು ಅವ್ವ. “ಈಗ ನೋಡ್ತಾ ಇವ್ನಿ, ನಿನ್ ಜೊತೇಲೆ.”

ಆಮೇಲೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಮಕ್ಕಳ ಜೊತೆ ಗೆರೆಯ ಆಚೆ ಹೋಗಿ ನೆಲದ ಮೇಲೆ ಕೂತಳು. ನಾನು ಒಬ್ಬಳೇ ಈಚೆ ಉಳಿದು, ನೀರು ಮುಗಿಯುವ ತನಕ ಪಾಠ ಮಾಡಿದೆ.